ಕೊನೆಯವಳು ಬದು ಹತ್ತುವ ತನಕ

ಅತ್ತೆಯನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರ ಕಾಲು. ಮಂಡಿಯವರೆಗೆ ಕೆಸರು ಒಣಗಿ ಬೆಳ್ಳಗಾದ ಕಾಲು. ಪಂಚಾಯ್ತಿ ಅಧ್ಯಕ್ಷರಾದ ಮೇಲೂ ನಾಟಿ ದಿನಗಳಲ್ಲಿ ಗದ್ದೆಯಿಂದ ನೇರವಾಗಿ ಆಫೀಸಿಗೆ ಹೋಗಿ ಅದೇ ಕಾಲಲ್ಲಿ ಕುರ್ಚಿಯಲ್ಲಿ ಕೂರುತ್ತಿದ್ದರು. ಕಾರ್ಯದರ್ಶಿ ನೆಲ ನೋಡಿ ಮುಖ ಸಿಂಡರಿಸಿದರೆ, "ಗುಡಿಸಿದ್ರೆ ಓಯ್ತದೆ ಕಣಪ್ಪ. ನೀನು ಉಣ್ಣೋ ಅನ್ನದ ಕೆಸರೇ ಅದು" ಎನ್ನುತ್ತಿದ್ದರು.

ಹೆಸರು ಕೆಂಪಮ್ಮ. ಹುಟ್ಟಿದ್ದು ನಂಜನಗೂಡು ಕಡೆಯ ಹೆಮ್ಮರಗಾಲದಲ್ಲಿ. ಸೋಸಲೆ ಪಕ್ಕದ ನಮ್ಮೂರಿಗೆ ಮದುವೆಯಾಗಿ ಬಂದವರು. ನಾನು ಅವರ ಒಬ್ಬಳೇ ಸೊಸೆ. ಅವರು ಬಾಯಿ ತೆರೆದರೆ ಮೂರು ಬೀದಿಗೆ ಕೇಳುತ್ತಿತ್ತು. ನಾನು ಮಾತಾಡಿದರೆ ಪಕ್ಕದಲ್ಲಿದ್ದವರಿಗೂ ಕೇಳುತ್ತಿರಲಿಲ್ಲ. "ನನ್ ಸೊಸೆ ಬಾಯಿಗೆ ಬೀಗ ಆಕ್ಕೊಂಡು ಬಂದವ್ಳೆ, ಕೀಲಿನ ಅವ್ರವ್ವನ ಮನೇಲೇ ಮರ್ತು ಬುಟ್ಟವ್ಳೆ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದಾಗ ಊರಿನ ಯಜಮಾನರು ಅವರನ್ನು ಕೂರಿಸಿದ್ದು, ತೋರಿಸಿದ ಕಡೆ ಸಹಿ ಹಾಕುತ್ತಾರೆ ಎಂಬ ಧೈರ್ಯದಿಂದ. ಆ ಧೈರ್ಯ ಮೊದಲ ಮೀಟಿಂಗಿನಲ್ಲೇ ಹೋಯಿತು.

ನಮ್ಮ ಕಡೆ ನಾಟಿ ನಡೆಯುವುದು ಮುಯ್ಯಾಳಿನ ಮೇಲೆ. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅತ್ತೆಯ ಗುಂಪಿನಲ್ಲಿ ಒಂದು ಕಟ್ಟುಪಾಡಿತ್ತು. ತನ್ನ ಸಾಲು ಮುಗಿಯಿತೆಂದು ಯಾರೂ ಬದು ಹತ್ತುವಂತಿಲ್ಲ. ಹಿಂದೆ ಬಿದ್ದವಳ ಸಾಲಿಗೆ ಕೈಹಾಕಿ, ಕೊನೆಯ ಪೈರು ಊರಿದ ಮೇಲೆ ಎಲ್ಲರೂ ಒಟ್ಟಿಗೆ ಹತ್ತಬೇಕು. ಮದುವೆಯಾದ ಹೊಸದರಲ್ಲಿ ಆ ಕೊನೆಯವಳು ಯಾವಾಗಲೂ ನಾನೇ. ಎಲ್ಲರಿಗಿಂತ ಮೊದಲು ಮುಗಿಸಿದ ಅತ್ತೆ ಎದುರಿನಿಂದ ನೆಟ್ಟುಕೊಂಡು ಬರುತ್ತಿದ್ದರು. ಬೈಯುತ್ತಲೇ ಬರುತ್ತಿದ್ದರು, ಆದರೆ ಬರುತ್ತಿದ್ದರು.

ಆ ಗುಂಪಿನಲ್ಲಿ ಮಾದಮ್ಮ ಎಂಬ ಮುದುಕಿ ಇದ್ದರು. ಸೊಸೈಟಿಯ ರೇಷನ್ ಅಕ್ಕಿಯಲ್ಲೇ ಅವರ ಒಲೆ ಉರಿಯಬೇಕು. ಗುರುತಿನ ಕಾರ್ಡಿಗೆ ಕೊಟ್ಟ ಹೆಬ್ಬೆಟ್ಟು ಸೊಸೈಟಿಯ ಮಿಷನ್ನಿಗೆ ಹೊಂದಿದರೆ ಮಾತ್ರ ಅಕ್ಕಿ ಎಂದಾದ ಮೇಲೆ ಅವರಿಗೆ ಅಕ್ಕಿ ನಿಂತುಹೋಯಿತು. ಕೆಸರು, ಬೂದಿ, ಸುಣ್ಣ ಎಲ್ಲ ಸೇರಿ ಆ ಬೆರಳಿನ ಗೆರೆಗಳನ್ನು ಎಂದೋ ತಿಂದುಹಾಕಿದ್ದವು.

ಅತ್ತೆ ಪಂಚಾಯ್ತಿಯಲ್ಲಿ ಠರಾವು ತಂದರು: ಹೆಬ್ಬೆಟ್ಟು ಹೊಂದಲಿಲ್ಲವೆಂದು ನಮ್ಮ ಊರುಗಳಲ್ಲಿ ಯಾರ ಅಕ್ಕಿಯನ್ನೂ ತಡೆಯಕೂಡದು.

"ಅದು ಡೆಲ್ಲಿ ಆರ್ಡರು, ಅಧ್ಯಕ್ಷರೇ. ನಮಗೆ ಅಧಿಕಾರ ಇಲ್ಲ" ಎಂದರು ಕಾರ್ಯದರ್ಶಿ.

"ಬ್ಯಾಡ ಅನ್ನಕ್ಕೆ ಯಾವ ಅಧಿಕಾರ ಬೇಕಪ್ಪ? ಬಾಯಿ ಇದ್ರೆ ಸಾಕು. ಅದು ದೊಡ್ಡ ಸರ್ಕಾರ, ನಾನು ಚಿಕ್ಕ ಸರ್ಕಾರ. ಬರ್ಕೊ."

ಕಾರ್ಯದರ್ಶಿ ಬರೆದುಕೊಂಡರು. ಠರಾವು ತಾಲ್ಲೂಕಿಗೆ ಹೋಯಿತು. ಮೇಲಿನಿಂದ ಉತ್ತರ ಬರಲಿಲ್ಲ. ಮುಂದಿನ ತಿಂಗಳು ಮಿಷನ್ನು ಮತ್ತೆ ಮಾದಮ್ಮನನ್ನು ಮಾದಮ್ಮ ಅಲ್ಲ ಎಂದಿತು.

ಆ ಬೆಳಿಗ್ಗೆ ನಾನೂ ಚೀಲ ಹಿಡಿದು ಸಾಲಿನಲ್ಲಿದ್ದೆ. ಮಾದಮ್ಮನ ಹಿಂದೆ ಅತ್ತೆ, ಅತ್ತೆಯ ಹಿಂದೆ ನಾನು. ಸೊಸೈಟಿಯ ಪುಟ್ಟರಾಜು ಮಾದಮ್ಮನನ್ನು ಪಕ್ಕಕ್ಕೆ ಸರಿಸಿ, "ನೀವು ಬನ್ನಿ ಕೆಂಪಕ್ಕ, ಕಾರ್ಡ್ ಕೊಡಿ, ಬೆರಳಿಡಿ" ಎಂದ.

"ಕಾರ್ಡು ಅದೆ. ತೋರ್ಸಕ್ಕಿಲ್ಲ."

"ಅಯ್ಯೋ, ನಿಮ್ದು ಹೊಂದುತ್ತಲ್ಲಕ್ಕ!"

"ಹೊಂದ್ತದೆ, ಅದುಕ್ಕೇ ಇಡಕ್ಕಿಲ್ಲ. ಮಾದಕ್ಕಂದು ಮೊದ್ಲು ಅಳ್ದು ಕೊಡು. ಅವ್ಳಿನ್ನೂ ಗದ್ದೇಲವ್ಳೆ ಕಣ್ಲಾ, ನಾನೆಂಗೆ ಬದ ಅತ್ಲಿ?"

ಪುಟ್ಟರಾಜುವಿಗೆ ಅರ್ಥವಾಗಲಿಲ್ಲ. ಸಾಲಿನಲ್ಲಿದ್ದ ಹೆಂಗಸರಿಗೆ ಅರ್ಥವಾಯಿತು. ಒಬ್ಬೊಬ್ಬರೇ ಚೀಲ ಮಡಿಸಿ ಕಂಕುಳಿಗೆ ಇಟ್ಟುಕೊಂಡು ಜಗುಲಿಯ ಮೇಲೆ ಕೂತರು. "ಇವತ್ತು ತೂಕ ಮಾಡೋ ಕೆಲ್ಸ ತಪ್ತು, ಒಸಿ ನಿದ್ದೆ ಮಾಡ್ಕೊ ಪುಟ್ರಾಜ" ಎಂದು ಯಾರೋ ಚುಚ್ಚಿದರು. ನಾನೂ ಕೂತೆ. ಕೂರುವುದಕ್ಕೆ ಮಾತು ಬೇಕಿರಲಿಲ್ಲ.

ಇಡೀ ಊರು ಅಕ್ಕಿ ಬೇಡವೆಂದು ಕೂತ ಸುದ್ದಿ ಹೋಗಿ, ಮಧ್ಯಾಹ್ನದ ಮೇಲೆ ತಿ. ನರಸೀಪುರದಿಂದ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು.

"ಏನಮ್ಮ, ನೀವೇ ಅಧ್ಯಕ್ಷರಾಗಿ ಸರ್ಕಾರದ ವಿರುದ್ಧ ಕೂರಬಹುದಾ? ಈ ಅಜ್ಜಿ ಇವರೇ ಅನ್ನೋದಕ್ಕೆ ಏನು ಗುರುತು?"

"ಕೇಳಿ ಸಾ, ಇಲ್ಲೇ ಕುಂತವ್ರಲ್ಲ ಗುರುತು" ಎಂದು ಅತ್ತೆ ಜಗುಲಿಯತ್ತ ಕೈ ತೋರಿಸಿದರು. "ಇವ್ಳ ಕೈಲಿ ಪೈರು ಈಸ್ಕೊಂಡವ್ರು. ಆ ಡಬ್ಬ ಯಾವತ್ತು ಗದ್ದೆಗಿಳ್ದಿತ್ತು?"

ಸಾಹೇಬರು ಬಹಳ ಹೊತ್ತು ಫೋನಿನಲ್ಲಿ ಮಾತಾಡಿದರು. ಕೊನೆಗೆ ಜಗುಲಿಯವರಿಂದ ಸಾಕ್ಷಿ ಸಹಿ ಹಾಕಿಸಿಕೊಂಡು ಮಾದಮ್ಮನಿಗೆ ಅಕ್ಕಿ ಅಳೆಸಿದರು. ಗೆದ್ದೆವೆಂದು ಹೇಳಲಾರೆ. ಮರು ತಿಂಗಳು ಮತ್ತೆ ಅದೇ ಮಿಷನ್ನು, ಅದೇ ಕಿರಿಕಿರಿ. ಅತ್ತೆಯೂ ಮತ್ತೆ ಅದೇ ಜಗುಲಿ. ಅಧಿಕಾರ ಮುಗಿದ ಮೇಲೂ, ಮಾದಮ್ಮ ತೀರಿಕೊಂಡ ಮೇಲೂ, ಸೊಸೈಟಿಯಲ್ಲಿ ಅವರು ಎಲ್ಲರಿಗಿಂತ ಕೊನೆಗೆ ಬೆರಳಿಡುತ್ತಿದ್ದರು.

ಈ ಸಲದ ನಾಟಿಗೆ ಮುಂಚೆ ಅತ್ತೆ ಹೋದರು. ಜ್ವರವೆಂದು ಮಲಗಿದವರು ಏಳಲಿಲ್ಲ.

ತಿಥಿ ಕಳೆದ ಮೇಲೆ ಮರಣದ ಪತ್ರಕ್ಕೆಂದು ತಿ. ನರಸೀಪುರದ ತಾಲ್ಲೂಕು ಆಫೀಸಿಗೆ ಹೋದೆ. ನನ್ನ ಯಜಮಾನರಿಗೆ ಅಮ್ಮನ ಹೆಸರು ಹೇಳಿ ನಿಲ್ಲುವ ಶಕ್ತಿ ಇರಲಿಲ್ಲ. ಅತ್ತೆಯ ಕಾರ್ಡು ನನ್ನ ಕೈಯಲ್ಲಿತ್ತು. ಸಾಲಿನಲ್ಲಿ ನನ್ನ ಮುಂದೆ ಹೆಂಡತಿಯನ್ನು ಕಳೆದುಕೊಂಡ ಒಬ್ಬ ಮುದುಕರು ನಿಂತಿದ್ದರು. ಯಾವ ಊರಿನವರೋ ಗೊತ್ತಿಲ್ಲ.

"ಸತ್ತೋರ ಕಾರ್ಡ್ ಇಲ್ದೆ ಆಗಲ್ಲ ತಾತ. ನಡೀರಿ ಅತ್ಲಾಗೆ" ಎಂದ ಕಿಟಕಿಯ ಹಿಂದಿನ ಹುಡುಗ.

"ಅವ್ಳು ಮಾಡುಸ್ಲೇ ಇಲ್ಲ ಕಣಪ್ಪ. ಈಗೆಲ್ಲಿಂದ ತರ್ಲಿ?" ಎಂದರು ಮುದುಕರು.

ಹುಡುಗ ನನ್ನ ಕಡೆ ಕೈ ಚಾಚಿದ. "ಬನ್ನಮ್ಮ. ಕಾರ್ಡ್ ಇದ್ಯಾ?"

ಕೊಟ್ಟಿದ್ದರೆ ಮಧ್ಯಾಹ್ನದ ಬಸ್ಸಿಗೆ ಮನೆ ಸೇರುತ್ತಿದ್ದೆ. ಕಾರ್ಡನ್ನು ಚೀಲದೊಳಗೆ ಇಟ್ಟೆ.

"ಅದೆ. ತೋರ್ಸಕ್ಕಿಲ್ಲ. ಮೊದ್ಲು ಇವರ್ದು ಮಾಡಪ್ಪ."

ನನ್ನ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಆಚೆ ಬಾಗಿಲಲ್ಲಿ ನಿಂತಿದ್ದವರೂ ತಿರುಗಿ ನೋಡಿದರು. ನಾನು ಬೆಂಚಿನ ಮೇಲೆ ಕೂತು, ಪಕ್ಕಕ್ಕೆ ಸರಿದು ಮುದುಕರಿಗೆ ಜಾಗ ಮಾಡಿಕೊಟ್ಟೆ.