ಮಾವ ಎಣ್ಣೆ ಹಚ್ಚಿದ ಪಂಪು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಉಪಚಾರ ಸಿಗುತ್ತಿದ್ದದ್ದು ಒಂದು ಪಂಪಿಗೆ. ಗಿಡಗಳಿಗೆ ಮದ್ದು ಬಿಡುವ ಕೈಪಂಪು ಅದು. ಹಿತ್ತಾಳೆಯ ದೊಡ್ಡ ಹೊಟ್ಟೆ, ಮೇಲೆ ಮರದ ಹಿಡಿ, ಪಕ್ಕದಿಂದ ಹೊರಟ ರಬ್ಬರಿನ ನಳಿಗೆ, ಅದರ ತುದಿಯಲ್ಲಿ ಸಾಸಿವೆಯೂ ತೂರದಷ್ಟು ಸಣ್ಣ ತೂತಿನ ಒಂದು ಮೂತಿ. ಹಿಡಿಯನ್ನು ಎಳೆದು ಒತ್ತಿ ಗಾಳಿ ತುಂಬಿಸಿದರೆ ಮದ್ದು ಮಂಜಿನ ಹಾಗೆ ಹೊರಗೆ ಬರುತ್ತಿತ್ತು. ನಮಗೆ ಜ್ವರ ಬಂದರೆ ಅಪ್ಪ 'ಕಷಾಯ ಕುಡಿದು ಮಲಗು' ಎಂದು ಹೇಳಿ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಪಂಪು ಸ್ವಲ್ಪ ಕೆಮ್ಮಿತೋ, ಊಟ ಬಿಟ್ಟು ಅದರ ಪಕ್ಕ ಕುಳಿತುಕೊಳ್ಳುತ್ತಿದ್ದರು.

ಮದ್ದು ಬಿಟ್ಟು ಮುಗಿದರೆ ಉಳಿದವರ ಮನೆಯಲ್ಲಿ ಕೆಲಸ ಮುಗಿಯುತ್ತದೆ. ನಮ್ಮಲ್ಲಿ ಆಗ ಶುರುವಾಗುತ್ತಿತ್ತು. ಪಂಪಿನ ಗಾಳಿ ಬಿಡಬೇಕು, ಉಳಿದ ಮದ್ದನ್ನು ಚೆಲ್ಲಬೇಕು, ಶುದ್ಧ ನೀರು ತುಂಬಿಸಿ ನಳಿಗೆಯಲ್ಲೂ ಹಾಯಿಸಬೇಕು, ಬೋರಲು ಹಾಕಿ ನೆರಳಿನಲ್ಲಿ ಒಣಗಿಸಬೇಕು. ನಮ್ಮ ಮನೆ ಇದ್ದದ್ದು ಕಾಪುವಿನಲ್ಲಿ, ಕಡಲಿಗೆ ಹತ್ತಿರ. ಬೇಸಿಗೆ ಬಂತೆಂದರೆ ಬಾವಿಯ ನೀರಿಗೆ ಉಪ್ಪಿನ ರುಚಿ. ಆ ನೀರಿನಲ್ಲಿ ತೊಳೆದರೆ ಪಂಪಿಗೆ ಕಿಲುಬು ಹಿಡಿಯುತ್ತದೆಂದು ಅಪ್ಪ ನನ್ನನ್ನು ದಿಬ್ಬದ ಮೇಲಿನ ಮನೆಗೆ ಓಡಿಸುತ್ತಿದ್ದರು, ಸಿಹಿನೀರು ತರಲು. ನಾವು ಮಾತ್ರ ಆ ಉಪ್ಪುನೀರನ್ನೇ ಕುಡಿಯುತ್ತಿದ್ದೆವು. ಕೊಡ ಸೊಂಟದಲ್ಲಿಟ್ಟುಕೊಂಡು ದಿಬ್ಬ ಹತ್ತುವಾಗ ಆ ಪಂಪಿನ ಮೇಲೆ ನನಗೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಮೂತಿ ಕಟ್ಟಿಕೊಂಡರೆ ಪಿನ್ನು ಚುಚ್ಚುವ ಹಾಗಿರಲಿಲ್ಲ. ತೂತು ದೊಡ್ಡದಾದರೆ ಮಂಜು ಹೋಗಿ ಜೊಲ್ಲು ಸುರಿಯುತ್ತದೆ ಎನ್ನುತ್ತಿದ್ದರು ಅಪ್ಪ. ಅದನ್ನು ಬಿಚ್ಚಿ ಬಿಸಿನೀರಿನಲ್ಲಿ ನೆನೆಹಾಕಿ ಕಾಯಬೇಕಿತ್ತು. ಇನ್ನು ಪಂಪಿನ ಜೀವವೆಲ್ಲ ಇದ್ದದ್ದು ಅದರ ಒಳಗಿನ ಒಂದು ತೊಗಲಿನ ಬಿಲ್ಲೆಯಲ್ಲಿ. ವಾಷರ್ ಎನ್ನುತ್ತಾರೆ. ಅದು ಒಣಗಿ ಸುರುಟಿದರೆ ಗಾಳಿ ಹಿಡಿಯುವುದಿಲ್ಲ. ಅದಕ್ಕೆ ಆಗಾಗ ಒಂದೆರಡು ತೊಟ್ಟು ತೆಂಗಿನೆಣ್ಣೆ. ನನ್ನ ತಲೆಗೆ ಎಣ್ಣೆ ಕಾಣದೆ ವಾರವಾದರೂ ಯಾರೂ ಕೇಳುತ್ತಿರಲಿಲ್ಲ.

ಇಷ್ಟೆಲ್ಲ ಜೋಪಾನ ಮಾಡಿದ ಪಂಪನ್ನು ಮಾವ ಬಂದು ಹೊತ್ತುಕೊಂಡು ಹೋಗುತ್ತಿದ್ದರು. ಮಾವನೆಂದರೆ ಅಮ್ಮನ ಅಣ್ಣ. ನಮ್ಮಲ್ಲಿ ಆಗ ಕುಟುಂಬದ ಹಿರಿತನ ತಾಯಿಯ ಅಣ್ಣನದು. ಮದುವೆಯಾಗಲಿ, ಮನೆ ರಿಪೇರಿಯಾಗಲಿ, ಮಾವ ಹೂಂ ಎಂದ ಮೇಲೆಯೇ. ಅಂಥವರು ಬಂದು 'ಪಂಪು ಬೇಕಿತ್ತಲ್ಲ ಭಾವ' ಎಂದರೆ ಇಲ್ಲ ಎನ್ನಲು ಅಪ್ಪನಿಗೆ ಬಾಯಿ ಇರಲಿಲ್ಲ. ಮಾವನಿಗೆ ಒಂದು ದೋಣಿಯೂ ಮಟ್ಟುವಿನ ಕಡೆಗೆ ಗುಳ್ಳ ಬದನೆಯ ಗದ್ದೆಯೂ ಇದ್ದವು. ಬದನೆಗೆ ಮದ್ದು ಬಿಟ್ಟು ಪಂಪನ್ನು ಹಾಗೆಯೇ ತಂದು ಜಗಲಿಯಲ್ಲಿಡುತ್ತಿದ್ದರು. ಒಳಗೆ ಮದ್ದು ಗಟ್ಟಿಯಾಗಿ ಕುಳಿತಿರುತ್ತಿತ್ತು. ಮಾವ ಇರುವಷ್ಟು ಹೊತ್ತು ಅಪ್ಪ ನಗುನಗುತ್ತ ವೀಳ್ಯದ ಹರಿವಾಣ ಮುಂದಿಡುತ್ತಿದ್ದರು. ಅವರು ಬೇಲಿ ದಾಟಿದ ಮೇಲೆ ಹಿತ್ತಲಿನ ಹಲಸಿನ ಮರದ ಎದುರು ನಿಂತು ಬೈಯುತ್ತಿದ್ದರು. ಆ ಮರ ಏನು ತಪ್ಪು ಮಾಡಿತ್ತೋ ಪಾಪ.

ನೋಡಿ ನೋಡಿ ಬೇಸತ್ತು ಅಮ್ಮ ಒಮ್ಮೆ ಮೆಲ್ಲನೆ ಹೇಳಿದಳು: "ಅಣ್ಣ, ಅವರಿಗೆ ಆ ಪಂಪು ಅಂದ್ರೆ ಪ್ರಾಣ. ಕೊಡುವಾಗ ಸ್ವಲ್ಪ ತೊಳೆದು ಎಣ್ಣೆ ಹಚ್ಚಿ ಕೊಡಬಾರದಾ?" ಮಾವ "ಅದಕ್ಕೆ ಎಂತ, ಹಚ್ಚುವ" ಎಂದರು. ಆ ಮಾತು ನಮ್ಮನ್ನು ಎಲ್ಲಿಗೆ ತಲುಪಿಸುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಹಿತ್ತಲಿನಲ್ಲಿ ಮಲ್ಲಿಗೆ ಗಿಡಗಳಿದ್ದವು. ಅವುಗಳಲ್ಲಿ ಒಂದು ಸಾಲು ಅಕ್ಕನದು. ಅವಳೇ ನೆಟ್ಟದ್ದು, ಅವಳೇ ಸವರಿದ್ದು. ಅಕ್ಕ ಆ ವರ್ಷ ಏಳನೆಯ ತರಗತಿ ಮುಗಿಸುವವಳಿದ್ದಳು. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: ಈ ಬೇಸಿಗೆಯ ಮದುವೆ ಸೀಸನ್ನಿನಲ್ಲಿ ಅವಳ ಸಾಲು ಚೆನ್ನಾಗಿ ಹೂ ಬಿಟ್ಟರೆ ಆ ಹೂ ಮಾರಿದ ದುಡ್ಡಿನಲ್ಲಿ ಮಳೆಗಾಲಕ್ಕೆ ಹೈಸ್ಕೂಲು; ಇಲ್ಲದಿದ್ದರೆ ಅಮ್ಮನ ಪಕ್ಕ ಮೊರ ಇಟ್ಟುಕೊಂಡು ಬೀಡಿ ಕಟ್ಟುವುದು. ಅಪ್ಪ ಕೆಟ್ಟವರಾಗಿ ಹೇಳಿದ್ದಲ್ಲ. ಕೈಯಲ್ಲಿ ದುಡ್ಡಿರಲಿಲ್ಲ, ಅಷ್ಟೇ. ಅಕ್ಕ ದಿನಾ ಬೆಳಗ್ಗೆ ಮುಖ ತೊಳೆಯುವ ಮೊದಲು ಆ ಗಿಡಗಳ ಬಳಿ ಹೋಗಿ ಒಂದೊಂದು ಮೊಗ್ಗನ್ನೂ ತಿರುಗಿಸಿ ನೋಡುತ್ತಿದ್ದಳು.

ಆ ಭಾನುವಾರ ಬೆಳಗ್ಗೆ ಅವಳು ಮುಖ ಬಾಡಿಸಿಕೊಂಡು ಹಿಂದೆ ಬಂದಳು. ಮೊಗ್ಗುಗಳಿಗೆ ಹುಳು ಬಿದ್ದಿತ್ತು. ಹುಳು ಕೊರೆದ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಮತ್ತೆ ಅರಳುವುದಿಲ್ಲ. ಅಪ್ಪ ಎದ್ದು ಹೋಗಿ ನೋಡಿ ಬಂದು, "ಇವತ್ತು ಬಿಸಿಲು ಇಳಿಯುವಾಗ ಮದ್ದು ಬಿಡಲೇಬೇಕು. ನಾಳೆ ಅಂದ್ರೆ ಉಳಿಯುವುದಿಲ್ಲ" ಎಂದರು. ಅಮ್ಮ ಬೀಡಿಯ ಹೊಗೆಸೊಪ್ಪಿನ ಪುಡಿಗೆ ಸೋಪಿನ ಚೂರು ಹಾಕಿ ದೊಡ್ಡ ಮಡಕೆಯಲ್ಲಿ ಕುದಿಸಿದಳು. ಆ ಘಾಟಿಗೆ ಕೋಳಿಗಳೂ ಅಂಗಳ ಬಿಟ್ಟು ಹೋದವು. ಕಷಾಯ ತಣಿದ ಮೇಲೆ ಅಪ್ಪ ಹಳೆಯ ಪಂಚೆಯಲ್ಲಿ ಸೋಸಿ, ಮತ್ತೊಮ್ಮೆ ಸೋಸಿದರು. ಎಲ್ಲ ತಯಾರಿತ್ತು. ಪಂಪು ಮಾತ್ರ ಮಾವನ ಮನೆಯಲ್ಲಿತ್ತು.

ಅದನ್ನು ತರಲು ಹೋಗುವ ಮೊದಲೇ ಮಾವ ಬಂದರು. ಹೆಗಲಲ್ಲಿ ಪಂಪು, ಕಾಲಲ್ಲಿ ಮುಂಬಯಿಯಿಂದ ಯಾರೋ ತಂದುಕೊಟ್ಟ ಹೊಸ ತೊಗಲಿನ ಚಪ್ಪಲಿ, ಮುಖದಲ್ಲಿ ದೊಡ್ಡ ನಗು. ಅವರಿಗಿಂತ ಮೊದಲು ಒಂದು ವಾಸನೆ ಒಳಗೆ ಬಂತು.

"ಭಾವ, ಈ ಸಲ ನೀವು ಮಾತಾಡುವ ಹಾಗಿಲ್ಲ. ಒಳಗೆ ಹೊರಗೆ ಎಲ್ಲ ಬೂತಾಯಿ ಎಣ್ಣೆ ಹಚ್ಚಿದ್ದೇನೆ. ನನ್ನ ದೋಣಿಗೆ ಹಚ್ಚುವುದು ಇದನ್ನೇ. ಅಜ್ಜನ ಕಾಲದ ದೋಣಿ, ಇನ್ನೂ ಗಟ್ಟಿ ಉಂಟು. ನಿಮ್ಮ ಪಂಪು ಯಾವ ಲೆಕ್ಕ ಮಾರಾಯ್ರೆ?"

ಬೂತಾಯಿ ಎಂದರೆ ಮೀನು, ಮಕ್ಕಳೇ. ಅದರ ಎಣ್ಣೆ ದೋಣಿಯ ಹಲಗೆಗೆ ಒಳ್ಳೆಯದೇ. ಆದರೆ ಪಂಪಿನ ಮೂತಿಯಿಂದ ಹಿಡಿಯವರೆಗೆ, ವಾಷರಿನ ಎರಡೂ ಬದಿಗೆ, ಮಾವ ಅದನ್ನು ಮನಸ್ಸಿಟ್ಟು ಬಳಿದಿದ್ದರು. ಆ ಅಂಟಿಗೆ ಮೂತಿಯ ತೂತೇ ಕಟ್ಟಿಕೊಂಡಿತ್ತು. ಬೇಕೆಂದು ಕೆಡಿಸಿದ್ದರೆ ಬೈಯಬಹುದಿತ್ತು. ಪ್ರೀತಿಯಿಂದ ಕೆಡಿಸಿದವರನ್ನು ಏನು ಮಾಡುವುದು? ಅಪ್ಪ "ಆಯ್ತು, ಒಳ್ಳೆಯದಾಯ್ತು" ಎಂದರು. ಅವರ ದವಡೆ ಅಲುಗುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಮಾವ ಹೊಟ್ಟೆ ತುಂಬ ಊಟ ಮಾಡಿ ಜಗಲಿಯಲ್ಲಿ ಮಲಗಿ ಗೊರಕೆ ಹೊಡೆಯತೊಡಗಿದರು. ಅಪ್ಪ ಅಂಗಳದ ನೆರಳಿನಲ್ಲಿ ಪಂಪಿನ ಭಾಗಗಳನ್ನೆಲ್ಲ ತೊಳೆಯಲು ಬಿಚ್ಚಿದರು. ವಾಷರನ್ನು ಒರೆಸಿ, ಒಗೆಯುವ ಕಲ್ಲಿನ ಮೇಲಿಟ್ಟು, ನೀರು ಬಗ್ಗಿಸಲು ಆ ಕಡೆ ತಿರುಗಿದರು. ನಮ್ಮ ಮನೆಯ ಬೆಕ್ಕಿಗೆ ಅಷ್ಟು ಸಾಕಾಯಿತು. ಬೂತಾಯಿ ಪರಿಮಳದ ತೊಗಲು ಅದಕ್ಕೆ ಹಬ್ಬದೂಟ. ಬಾಯಲ್ಲಿ ಕಚ್ಚಿಕೊಂಡು ಹೆಂಚಿನ ಮೇಲೆ ಹತ್ತಿತು. ನಾನು ಕೋಲು ಹಿಡಿದು ಓಡಿದೆ, ಅಕ್ಕ ಏಣಿ ತಂದಳು. ಕೊನೆಗೆ ಅದು ಬೇಡವೆಂದು ಕೆಳಗೆ ಬಿಸಾಡಿದ್ದು ಅರ್ಧ ಜಗಿದ ಒಂದು ಚೂರನ್ನು.

ಅಪ್ಪನ ತಾಳ್ಮೆಯ ಕಟ್ಟೆ ಒಡೆಯಿತು. ಆದರೆ ಯಾರ ಮೇಲೆ? ಬೆಕ್ಕಿನ ಮೇಲೆ. "ನಿನಗೆ ಬುದ್ಧಿ ಉಂಟಾ? ಬೇರೆಯವರ ವಸ್ತು ತೆಗೆದುಕೊಂಡರೆ ಹೇಗಿತ್ತೋ ಹಾಗೆಯೇ ಹಿಂದೆ ಕೊಡಬೇಕು ಅಂತ ಯಾರೂ ಹೇಳಿಕೊಡಲಿಲ್ವಾ? ಹಿರಿಯರು ಅಂತ ಸುಮ್ಮನಿದ್ದರೆ ತಲೆಗೇ ಹತ್ತುವುದಾ?" ಜಗಲಿಗೆ ಕೇಳಲಿ ಎಂದು ಧ್ವನಿ ಏರಿಸಿಯೇ ಹೇಳಿದರು. ಜಗಲಿಯಿಂದ ಗೊರಕೆಯೇ ಉತ್ತರವಾಗಿ ಬಂತು. ಬೆಕ್ಕು ಹೆಂಚಿನ ಮೇಲೆ ಕುಳಿತು ಮೀಸೆ ನೆಕ್ಕಿಕೊಂಡಿತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎದುರಿಗೆ ಮಲಗಿದವರಿಗೆ ಒಂದು ಮಾತು ಹೇಳಲಾಗದೆ ಬೆಕ್ಕಿಗೆ ನೀತಿಪಾಠ ಹೇಳುವ ಅಪ್ಪನನ್ನು ಕಂಡು ತಲೆ ಚಚ್ಚಿಕೊಳ್ಳುವಂತಾಯಿತು.

ವಾಷರ್ ಸಿಗುತ್ತಿದ್ದದ್ದು ಉಡುಪಿಯ ಅಂಗಡಿಯಲ್ಲಿ. ಭಾನುವಾರ ಅದರ ಬಾಗಿಲು ಮುಚ್ಚಿರುತ್ತಿತ್ತು. ಅಮ್ಮ ತೆಂಗಿನ ಕಡ್ಡಿಯ ಹಿಡಿಸೂಡಿಯನ್ನು ಕಷಾಯದಲ್ಲಿ ಅದ್ದಿ ಗಿಡದ ಮೇಲೆ ಚಿಮುಕಿಸಿ ನೋಡಿದಳು. ಹನಿಗಳು ಎಲೆಯ ಮೇಲಿನಿಂದ ಜಾರಿ ಮಣ್ಣಿಗೆ ಬಿದ್ದವು. ಹುಳು ಇದ್ದದ್ದು ಮೊಗ್ಗಿನ ಸಂದಿಯಲ್ಲಿ. "ನಾಳೆ ಬೆಳಗ್ಗಿನ ಬಸ್ಸಿಗೇ ಹೋಗ್ತೇನೆ" ಎಂದರು ಅಪ್ಪ. ಅಕ್ಕ ಗಿಡದ ಬಳಿ ಹೋಗಿ ಬೆಳಗ್ಗೆ ಬೆಳ್ಳಗಿದ್ದ ಒಂದು ಗೆಲ್ಲನ್ನು ಮುರಿದು ತಂದು ಅಪ್ಪನ ಅಂಗೈಯಲ್ಲಿಟ್ಟಳು. ಮೊಗ್ಗುಗಳ ಬುಡ ನೇರಳೆಯಾಗುತ್ತ ಬಂದಿತ್ತು.

ಅಕ್ಕ ಜಗಲಿಯ ಮೆಟ್ಟಿಲಿನ ಕಡೆ ನೋಡಿದಳು. ಅಲ್ಲಿ ಮಾವನ ಹೊಸ ಚಪ್ಪಲಿ ಇದ್ದವು, ಅಗಲವಾದ ಮೇಲುಪಟ್ಟಿಯ, ಎಣ್ಣೆ ಕುಡಿದು ಹೊಳೆಯುವ ತೊಗಲಿನವು. ಅವಳು ಒಂದನ್ನು ಎತ್ತಿಕೊಂಡಳು. ಮಾವನ ಎದುರು ಕಾಲು ಚಾಚಿ ಕುಳಿತುಕೊಳ್ಳಲೂ ಹೆದರುವ ಮನೆ ನಮ್ಮದು. ಅಮ್ಮ ಬಾಗಿಲ ಬಳಿ ಬೀಡಿ ಕಟ್ಟುತ್ತಿದ್ದಳು. ಈಗ ಕೂಗುತ್ತಾಳೆ ಎಂದುಕೊಂಡೆ. ಅಮ್ಮ ತಲೆ ಎತ್ತಲಿಲ್ಲ. ಮೊರದಲ್ಲಿದ್ದ ಎಲೆ ಕತ್ತರಿಸುವ ಕತ್ತರಿಯನ್ನು ಅಕ್ಕನ ಕಡೆಗೆ ಸರಿಸಿ, "ಎಡಗಾಲಿನದ್ದು ತೆಗೆ. ಅದು ಮೆತ್ತಗೆ ಉಂಟು" ಎಂದಳು.

ಬೀಡಿಯ ಎಲೆಯನ್ನು ತಗಡಿನ ಅಳತೆ ಇಟ್ಟು ಕತ್ತರಿಸುವುದು ಅಕ್ಕನಿಗೆ ಚಿಕ್ಕಂದಿನಿಂದ ರೂಢಿ. ಪಂಪಿನ ಒಳಗಿನ ತಗಡಿನ ಬಿಲ್ಲೆಯನ್ನು ತೊಗಲಿನ ಮೇಲಿಟ್ಟು, ಸುತ್ತ ಸ್ವಲ್ಪ ಹೆಚ್ಚು ಬಿಟ್ಟು, ದುಂಡಗೆ ಕತ್ತರಿಸಿದಳು. ಅಪ್ಪನ ಮುಖ 'ಬೇಡ, ಬೇಡ' ಎನ್ನುತ್ತಿತ್ತು. ಕೈ ತೆಂಗಿನೆಣ್ಣೆ ಬಿಸಿ ಮಾಡುತ್ತಿತ್ತು. ತೊಗಲು ಎಣ್ಣೆಯಲ್ಲಿ ನೆನೆದು ಮೆದುವಾದ ಮೇಲೆ ಅಪ್ಪನೇ ಅದನ್ನು ಬಿಲ್ಲೆಗಳ ನಡುವೆ ಬಿಗಿದು, ಹೆಬ್ಬೆರಳಿನಿಂದ ಅಂಚು ಮಡಚಿ ಒಳಗೆ ಇಳಿಸಿದರು.

ಹಿಡಿ ಒತ್ತಿದ್ದು ನಾನು. ಮೊದಲು ಬರೀ ಉಸ್ ಎಂದಿತು. ಅಕ್ಕ ಮೂತಿ ಹಿಡಿದು ಗಿಡದ ಎದುರು ನಿಂತಿದ್ದಳು. ಮತ್ತೆ ಒತ್ತಿದೆ, ಮತ್ತೂ ಒತ್ತಿದೆ. ಆಮೇಲೆ ಹಿಡಿ ನಿಧಾನವಾಗಿ ಭಾರವಾಯಿತು, ಒಳಗಿನಿಂದ ಯಾರೋ ನನ್ನನ್ನು ಮೇಲಕ್ಕೆ ತಳ್ಳುವ ಹಾಗೆ. ಗಾಳಿ ಹಿಡಿದಿತ್ತು. ಅಕ್ಕ ನಳಿಗೆಯ ಕೀಲಿ ತಿರುಗಿಸಿದಾಗ ಮಂಜು ಹೊರಟಿತು. ಅವಳು ಬಗ್ಗಿ ಎಲೆಗಳ ಅಡಿಗೆ, ಮೊಗ್ಗಿನ ಸಂದಿಗೆ, ಒಂದು ಗೆಲ್ಲನ್ನೂ ಬಿಡದೆ ಹಿಡಿದಳು. ಹೊಗೆಸೊಪ್ಪಿನ ಘಾಟು, ಮೀನೆಣ್ಣೆಯ ನಾತ, ಅದರ ನಡುವೆ ಎಲ್ಲೋ ಮಲ್ಲಿಗೆಯ ವಾಸನೆ. ನನ್ನ ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು. ಅಕ್ಕನದೂ ಸುರಿಯುತ್ತಿತ್ತು. ಅದು ಘಾಟಿಗೇ ಎಂದು ನಾನು ಆಗ ತಿಳಿದುಕೊಂಡೆ.

ಮಾವ ಎದ್ದು ಮೆಟ್ಟಿಲ ಬಳಿ ಕಾಲಿನಿಂದ ತಡಕಾಡುತ್ತಿದ್ದರು. "ಇನ್ನೊಂದು ಚಪ್ಪಲಿ ಎಲ್ಲಿ?" ಎಂದರು. ಅಪ್ಪ ಹಲಸಿನ ಮರದ ಕಡೆ ನೋಡಿದರು. ಅಮ್ಮ ಬೀಡಿ ಎಣಿಸಿದಳು. ಅಕ್ಕ ಮಾತ್ರ ಮೂತಿ ಹಿಡಿದ ಕೈ ಇಳಿಸದೆ, "ಮಾವ, ಅದು ಪಂಪಿನ ಒಳಗೆ ಉಂಟು" ಎಂದಳು. ಮತ್ತೆ ಎಲ್ಲವನ್ನೂ ಹೇಳಿದಳು, ಎಣ್ಣೆ, ಬೆಕ್ಕು, ಹುಳು, ಹೈಸ್ಕೂಲು. ಅಪ್ಪ ವರ್ಷಗಟ್ಟಲೆ ಮರಕ್ಕೆ ಹೇಳಿದ್ದನ್ನು ಅವಳು ಒಂದೇ ಉಸಿರಿಗೆ ಹೇಳಬೇಕಾದವರಿಗೆ ಹೇಳಿ ಮುಗಿಸಿದಳು.

ಮಾವ ಬರಿಗಾಲಲ್ಲಿ ಬಿಸಿ ಮಣ್ಣಿನ ಮೇಲೆ ಕುಣಿಯುತ್ತ ಬಂದು, ಒದ್ದೆಯಾದ ಗಿಡಗಳನ್ನು ನೋಡಿದರು. ಪಂಪನ್ನು ನೋಡಿದರು. ಅಕ್ಕನನ್ನು ನೋಡಿದರು. ಕೊನೆಗೆ ಹಿಂದೆ ಹೋಗಿ ಉಳಿದ ಚಪ್ಪಲಿಯನ್ನು ತಂದು ಅವಳ ಮುಂದೆ ಹಾಕಿದರು. "ಇದನ್ನು ಎಂತಕ್ಕೆ ಬಿಟ್ಟದ್ದು? ಇದರಲ್ಲಿಯೂ ಒಂದು ಕತ್ತರಿಸಿ ಇಡು. ಶಾಲೆ ಮುಗಿಯುವ ತನಕ ಬೇಕಲ್ಲ."

ಅಕ್ಕನ ಸಾಲು ಆ ಬೇಸಿಗೆಯಲ್ಲಿ ಬೆಳ್ಳಗೆ ಹೂ ಬಿಟ್ಟಿತು, ಮಳೆಗಾಲಕ್ಕೆ ಅವಳು ಹೈಸ್ಕೂಲಿಗೆ ಹೋದಳು. ಮಾವ ಪಂಪು ತೊಳೆಯಲು ಕಲಿತರು ಎಂದುಕೊಂಡಿರೇನು? ಇಲ್ಲ. ಮೊದಲಿನ ಹಾಗೆಯೇ ಕೆಸರು ಕೆಸರಾಗಿ ತಂದಿಡುತ್ತಿದ್ದರು. ಆದರೆ ಚಪ್ಪಲಿ ಮಾತ್ರ ಬೇಲಿಯ ಹೊರಗೇ ಬಿಟ್ಟು ಬರುತ್ತಿದ್ದರು. ಹಿರಿಯರನ್ನು ತಿದ್ದುವುದು ಅಷ್ಟೇ ಸಾಧ್ಯ.

ಈಗ ಮಣಿಪಾಲದ ನಿಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ನಾಲ್ಕು ಕುಂಡಗಳಿವೆ, ಅವುಗಳಿಗೆ ಒಂದು ಪ್ಲಾಸ್ಟಿಕ್ ಪಂಪು. ಒಳಗೆ ನೀರು ಬಿಟ್ಟೇ ಬಿಸಿಲಿನಲ್ಲಿ ಇಡುತ್ತೀರಿ, ಮೂತಿಗೆ ಸೇಫ್ಟಿ ಪಿನ್ನು ಚುಚ್ಚುತ್ತೀರಿ, ಒಳಗಿನ ರಬ್ಬರ್ ರಿಂಗ್ ಒಣಗಿ ಸೀಳಿದರೆ ಕಸದ ಬುಟ್ಟಿಗೆ ಹಾಕುತ್ತೀರಿ. ಅಂಗಡಿಯಲ್ಲಿ ರಿಂಗ್ ಕೇಳಿದರೆ ಆ ಹುಡುಗ ನನ್ನನ್ನೇ ವಿಚಿತ್ರವಾಗಿ ನೋಡಿ "ಅದು ಬರುವುದಿಲ್ಲ ಅಮ್ಮ, ಹೊಸತೇ ತೆಗೊಳ್ಳಿ" ಎನ್ನುತ್ತಾನೆ. ಅವನ ಮೇಲೂ ಸಿಟ್ಟು ಬರುತ್ತದೆ, ನಿಮ್ಮ ಮೇಲೂ. ಆ ಕುಂಡಗಳು ಒಣಗಿದರೆ ನಿಮಗೆ ಕಳೆದುಹೋಗುವುದು ಏನೂ ಇಲ್ಲ ಎಂಬುದೂ ನನಗೆ ಗೊತ್ತು.

ಅಕ್ಕ ದಿನಾ ಬೆಳಗಾಗುವ ಮೊದಲು ಎದ್ದು ಹೂ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಮತ್ತೆ ಶಾಲೆಗೆ ಓಡುತ್ತಿದ್ದಳು. ನಿಮ್ಮ ಶಾಲೆಯ ಬಸ್ಸು ಗೇಟಿನ ಮುಂದೆ ನಿಂತು ಹಾರನ್ ಹಾಕುತ್ತಿದ್ದರೂ ನೀವು ಹೊದಿಕೆಯ ಒಳಗಿನಿಂದ "ಅಜ್ಜಿ, ಇವತ್ತೊಂದು ದಿನ ರಜೆ ಮಾಡಲಾ?" ಎಂದು ಕೇಳುತ್ತೀರಿ. ಶಾಲೆ ನಿಮಗೆ ಬೇಡವೆನ್ನುವಷ್ಟು ಸುಲಭವಾಗಿ ಸಿಕ್ಕಿದೆಯಲ್ಲ ಎಂದು ಸಂತೋಷವಾಗುತ್ತದೆ. ಮೈಯೆಲ್ಲ ಉರಿದೂ ಹೋಗುತ್ತದೆ. ಎರಡೂ ಒಟ್ಟಿಗೆ ಬಂದಾಗ ಏನು ಮಾಡಬೇಕೆಂದು ತಿಳಿಯದೆ, ಹೊದಿಕೆ ಎಳೆದು, ನಿಮ್ಮ ಕೈಗೆ ಟಿಫಿನ್ ಡಬ್ಬಿ ತುರುಕಿ ಬಸ್ಸಿಗೆ ಹತ್ತಿಸಿ ಬರುತ್ತೇನೆ.