ಎರಡು ಸಾವಿರದಲ್ಲಿ ನಾಲ್ಕು ತೆನೆ

ಶಿವಗಂಗಾಳಿಗೆ ಆಗ ಮೂವತ್ತಾರು ವರ್ಷ. ಬೀದರ ಕಡೆಯ ಮನೆತನ. ಅಜ್ಜನ ಕಾಲದಿಂದ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ. ಇವಳು ಮಾತ್ರ ಜೋಳದ ಹಿಂದೆ ಬಿದ್ದಳು. ಎಳೆ ಸಸಿಯ ಸುಳಿಯನ್ನೇ ಒಣಗಿಸುವ ನೊಣವೊಂದಿದೆ. ಆ ನೊಣಕ್ಕೆ ಬಗ್ಗದ, ಆದರೆ ರೊಟ್ಟಿಗೂ ಒದಗುವ ಜೋಳಕ್ಕಾಗಿ ಒಂದು ಖಾಸಗಿ ಸಂಶೋಧನಾ ಕೇಂದ್ರದಲ್ಲಿ ಏಳು ವರ್ಷ ದುಡಿದಿದ್ದಳು. ನೊಣ ತಾಳಿದ ಗಿಡದ ರೊಟ್ಟಿ ಬಾಯಿಗಿಡುವಂತಿರಲಿಲ್ಲ. ರೊಟ್ಟಿ ಚೆನ್ನಾಗಿರುವ ಗಿಡವನ್ನು ನೊಣ ಬಿಡುತ್ತಿರಲಿಲ್ಲ. ನಡುವೆ ಮಗಳು ಸಂಪದಾ ಹುಟ್ಟಿದಳು. ಆ ವರ್ಷದ ಬಿತ್ತನೆ ತಪ್ಪಿತು. ಕೇಂದ್ರದ ಮುಖ್ಯಸ್ಥ ಸೂರ್ಯನಾರಾಯಣ ಅದನ್ನು ಮರೆಯಲಿಲ್ಲ.

ಎರಡು ಸಾವಿರದ ಇಸವಿಯ ಹಿಂಗಾರಿನಲ್ಲಿ, ಬಿತ್ತಿದ ಎರಡು ಸಾವಿರ ಗಿಡಗಳ ಪೈಕಿ ನಾಲ್ಕೇ ನಾಲ್ಕು ನೊಣವನ್ನು ಗೆದ್ದು ನಿಂತು ಮುತ್ತಿನಂಥ ಕಾಳು ಕಟ್ಟಿದವು. ಯೋಜನೆ ಮಾರ್ಚಿಗೆ ಮುಗಿಯುವುದಿತ್ತು. ಆ ನಾಲ್ಕು ತೆನೆಯ ಬೀಜ ತೋರಿಸಿದರೆ ಇನ್ನೂ ಮೂರು ವರ್ಷ, ಇಲ್ಲವಾದರೆ ಇಲ್ಲ ಎಂದು ಸೂರ್ಯನಾರಾಯಣ ಹೇಳಿದ್ದರು. ಹೊಲದ ಬೇಲಿಯಾಚೆ ಗಾಜಿನ ಕಟ್ಟಡಗಳು ಏಳುತ್ತಿದ್ದವು.

ಜನವರಿಯ ಒಂದು ಶನಿವಾರ, ಬೇರೆ ಗಿಡದ ಪರಾಗ ತಾಗದಂತೆ ಆ ತೆನೆಗಳಿಗೆ ತೊಡಿಸಿದ್ದ ಕಾಗದದ ಚೀಲದೊಳಗೆ ಸಸ್ಯಹೇನು ಸೇರಿದ್ದು ಕಂಡು ನಾಲ್ಕೂ ಚೀಲ ಬಿಚ್ಚಿದಳು. ಬದಲಿಗೆ ಗಾಳಿಯಾಡುವ ಬಲೆಯ ಚೀಲ ಕಟ್ಟಬೇಕು ಅನ್ನುವಷ್ಟರಲ್ಲಿ ಆಫೀಸಿಗೆ ಫೋನು ಬಂತು. ಮಗಳನ್ನು ನೋಡಿಕೊಳ್ಳುತ್ತಿದ್ದ ಶಂಕ್ರಮ್ಮ.

"ಅಕ್ಕಾರ, ನನಗ ಆ ಗಾಜಿನ ಬಿಲ್ಡಿಂಗಿನಾಗ ನೆಲಾ ಒರಸೂ ಕೆಲಸ ಸಿಕ್ಕೈತ್ರಿ. ಸೀರಿ ಅವರss ಕೊಡ್ತಾರ. ನಾಳಿಂದ ಬರಂಗಿಲ್ಲ. ಕೂಸಿನ್ನ ಬಾಜೂಮನಿಯಾಗ ಬಿಟ್ಟೀನಿ."

ಶಿವಗಂಗಾ ಬಲೆಯನ್ನು ಮರೆತು ಮೆಹದಿಪಟ್ಟಣದ ಬಸ್ಸಿಗೆ ಓಡಿದಳು.

ಮರುದಿನ ಗಂಡ ಕಾಶಿನಾಥನಿಗೆ ಹೇಳಿದಳು: "ಇವತ್ತೊಂದಿನ ಕೂಸಿನ್ನ ನೋಡ್ಕೊರಿ. ಬಲಿ ಕಟ್ಟಿ ಬರ್ತೀನಿ."

ಅವನದೂ ಅಂಥದೇ ಒಂದು ಗಾಜಿನ ಕಟ್ಟಡದಲ್ಲಿ ಸಾಫ್ಟ್‌ವೇರ್ ಕೆಲಸ. "ಇವತ್ತ ರಿಲೀಸ್ ಐತಿ, ನಾ ಹೋಗಬೇಕು," ಎಂದು ಬೂಟು ಏರಿಸಿದ. "ನಿನ್ನ ನೊಣಕ್ಕ ಆದಿತ್ವಾರನೂ ಸೂಟಿ ಇಲ್ಲೇನು?"

ಬಾಜೂಮನೆಗೆ ಅಂದು ಬೀಗ. ಮಗಳನ್ನು ಸೊಂಟಕ್ಕೇರಿಸಿಕೊಂಡು ಹೊಲಕ್ಕೆ ಬಂದಳು. ಅಲ್ಲಿ ಬಂಡೆಮ್ಮ ಇದ್ದಳು: ಸೇಡಂ ಕಡೆಯವಳು, ಕವಣೆ ಬೀಸಿ ಹಕ್ಕಿ ಕಾಯುವುದು ಅವಳ ಕೆಲಸ. ಓದು ಬಾರದ ಆಳುಗಳಿಗೆಲ್ಲ ಶಿವಗಂಗಾ ಒಂದೇ ಪಾಠ ಹೇಳಿಕೊಟ್ಟಿದ್ದಳು: "ಚೀಲ ಇದ್ದದ್ದು ನನ್ನದು. ಚೀಲ ಇಲ್ಲದ್ದು ನಿಮ್ಮ ರೊಟ್ಟಿಗೆ." ಬಂಡೆಮ್ಮ ಆ ಮಾತನ್ನು ಒಮ್ಮೆಯೂ ಮೀರಿದವಳಲ್ಲ. ಮಗಳನ್ನು ಅವಳ ಹತ್ತಿರ ಬಿಟ್ಟು ಶಿವಗಂಗಾ ಉಗ್ರಾಣಕ್ಕೆ ಹೋದಳು. ಬೀಗದ ಕೈ ಇದ್ದವನು ಬರಲು ಒಂದು ತಾಸಾಯಿತು.

ಬಲೆ ಹಿಡಿದು ವಾಪಸು ಬರುವಾಗಲೇ ಸಗಣಿ ಕುಳ್ಳಿನ ಹೊಗೆ ಮೂಗಿಗೆ ಬಡಿಯಿತು. ಹಾಲುಗಾಳಿನ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬೆಲ್ಲದೊಂದಿಗೆ ತಿನ್ನುವುದಕ್ಕೆ ಸೀತನಿ ಎನ್ನುತ್ತಾರೆ. ಬಂಡೆಮ್ಮನ ಸೀಮೆಯಲ್ಲಿ ಚಳಿಗಾಲದಲ್ಲಿ ಹೊಲಕ್ಕೆ ಬಂದ ಮಗುವಿಗೆ ಅದನ್ನು ಕೊಡದೆ ಕಳಿಸುವುದಿಲ್ಲ. ಸಂಪದಾ ಬಂಡೆಮ್ಮನ ತೊಡೆಯ ಮೇಲೆ ಕೂತಿದ್ದಳು. ಬಾಯೆಲ್ಲ ಮಸಿ.

"ಅವ್ವಾ, ಕಾಳಿಗೆ ಹಿಂಗ ಉಗುರು ಹಚ್ಚಿದ್ರ ಹಾಲು ಬರ್ತೈತಿ!"

ಚಾಚಿದ ಕೈಯಲ್ಲಿ, ಗಿಡಗಿಡಕ್ಕೂ ಕಟ್ಟುವ ಸಂಖ್ಯೆಯ ಅಲ್ಯೂಮಿನಿಯಂ ಬಿಲ್ಲೆಗಳಲ್ಲಿ ನಾಲ್ಕು, ದಾರಕ್ಕೆ ಪೋಣಿಸಿ ಬಳೆಯಾಗಿದ್ದವು. ಸಂಖ್ಯೆ ಓದುವ ಅಗತ್ಯವಿರಲಿಲ್ಲ. ಆದರೂ ಓದಿದಳು.

"ಎಲ್ಲೀವು ಮುರದಿ, ಬಂಡೆಮ್ಮಾ?"

"ಚೀಲ ಇಲ್ಲದ್ದss ಮುರದೀನ್ರಿ ಅಕ್ಕಾರ. ಕೂಸು ಅಳಾಕತ್ತಿತ್ತು. ನಿಮ್ಮ ಮಗಳಿಗೆ ಎಂಥಾದರ ಜೊಳ್ಳ ಕೊಡಾಕ ಬರ್ತೈತೇನು? ಹೊಲಾ ಪೂರಾ ತಿರುಗೀನಿ. ನಾಕss ಇದ್ವು ನೋಡ್ರಿ, ಭಾಳ ಛಲೋವು."

ಶಿವಗಂಗಾ ಏಳು ವರ್ಷದಲ್ಲಿ ಆರಿಸಿದ್ದನ್ನು ಬಂಡೆಮ್ಮ ಅರ್ಧ ತಾಸಿನಲ್ಲಿ ಆರಿಸಿದ್ದಳು. ಆಯ್ಕೆಯಲ್ಲಿ ತಪ್ಪೇ ಇರಲಿಲ್ಲ.

"ಯಾಕ್ರೀ, ತಪ್ಪಾತೇನು?"

"ನಿಂದಲ್ಲ."

ಬಂಡೆಮ್ಮ ಉಳಿದ ಒಂದು ಹಿಡಿಯನ್ನು ಊದಿ ಅವಳ ಅಂಗೈಗೆ ಸುರಿದಳು. ಶಿವಗಂಗಾ ತಿಂದಳು. ಕಾಳು ಸಿಹಿಯಾಗಿತ್ತು. ಏಳು ವರ್ಷ ತಿಳಿಯಬೇಕೆಂದಿದ್ದು ಅದನ್ನೇ.

ಹೊಲದ ದಾಖಲೆ ಪುಸ್ತಕದಲ್ಲಿ ನಷ್ಟಕ್ಕೆ ಕಾರಣ ಬರೆಯುವ ಜಾಗವಿದೆ. ಅಲ್ಲಿ ಬರೆದಳು: 'ಚೀಲ ಬಿಚ್ಚಿ, ಬಲೆ ಕಟ್ಟದೆ ಮನೆಗೆ ಹೋದೆ. ಮರುದಿನ ಮಗಳನ್ನು ಹೊಲಕ್ಕೆ ಕರೆತಂದೆ. ತೆನೆಗಳನ್ನು ಅವಳು ತಿಂದಳು.'

ಸೋಮವಾರ ಸೂರ್ಯನಾರಾಯಣ ಅದನ್ನು ಎರಡು ಸಲ ಓದಿ ತೆಲುಗಿನಲ್ಲಿ ಹೇಳಿದರು: "ಇಲ್ಲಿ ಹಕ್ಕಿ ಅಂತ ಬರೀತಾರಮ್ಮಾ, ಹುಳ ಅಂತ ಬರೀತಾರೆ. ಮಗಳು ಅಂತ ನನ್ನ ಮೂವತ್ತು ವರ್ಷದಲ್ಲಿ ನೋಡಿಲ್ಲ. ಹಕ್ಕಿ ಅಂತ ತಿದ್ದಿ ಕೊಡು. ಒಂದು ವರ್ಷವಾದರೂ ಕೇಳಿ ನೋಡುತ್ತೇನೆ."

ಹಕ್ಕಿ ತಿಂದಿತು ಎಂದರೆ ಹಕ್ಕಿ ಕಾಯುವವಳು ನಿದ್ದೆ ಹೋಗಿದ್ದಳು ಎಂದೇ ಅರ್ಥ. ಬಂಡೆಮ್ಮನನ್ನು ಸಂಜೆಯೊಳಗೆ ಕಳಿಸಿಬಿಡುತ್ತಿದ್ದರು. ಶಿವಗಂಗಾ ತಿದ್ದಲಿಲ್ಲ.

ಮಾರ್ಚಿಗೆ ಯೋಜನೆ ಮುಗಿಯಿತು. ಏಪ್ರಿಲಿನಲ್ಲಿ ಹೊಲ ರಸ್ತೆಗೆ ಹೋಯಿತು. ಬಂಡೆಮ್ಮ ಅದೇ ರಸ್ತೆಗೆ ಕಂಕರು ಕಲ್ಲು ಹೊತ್ತಳು.

ಜೋಳದ ಬುಡ ಕೂಳೆಯಾಗಿ ಮತ್ತೆ ಚಿಗುರುತ್ತದೆ. ತೆನೆ ಸುಟ್ಟ ಆ ಭಾನುವಾರವೇ ಶಿವಗಂಗಾ ನಾಲ್ಕು ಬುಡಗಳನ್ನು ಅಗೆದು ತಂದು, ಎಣ್ಣೆಯ ಹಳೇ ಡಬ್ಬಿಗಳಲ್ಲಿ ಮನೆಯ ಬಾಲ್ಕನಿಯಲ್ಲಿ ನೆಟ್ಟಿದ್ದಳು. ಎರಡು ಸತ್ತವು. ಇನ್ನೆರಡು ಮೇ ತಿಂಗಳಲ್ಲಿ ತೆನೆ ಹಾಕಿದವು. ಅಷ್ಟರಲ್ಲಿ ಕಾಶಿನಾಥ ಅವಳನ್ನು ಅಮೀರ್‌ಪೇಟೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ್ದ. ಅಲ್ಲಿ ಅವಳಿಗಿಂತ ಹದಿನೈದು ವರ್ಷ ಚಿಕ್ಕವರು ಅವಳನ್ನು ಆಂಟಿ ಎನ್ನುತ್ತಿದ್ದರು.

ಒಂದು ಮುಂಜಾನೆ ಸಂಪದಾ ಡಬ್ಬಿಯ ಮುಂದೆ ಕೂತು, ಬಂಡೆಮ್ಮ ಕಲಿಸಿದ ಹಾಗೆ ತೆನೆಗೆ ಉಗುರು ಹಚ್ಚಿ ನೋಡಿದಳು. ಇನ್ನೊಂದು ಕಡೆ ಹಚ್ಚಿದಳು. ಮತ್ತೊಂದು ಕಡೆ.

"ಅವ್ವಾ, ಇದರಾಗ ಏನೂ ಇಲ್ಲ."

"ಬಿಸಿಲಿಗೆ ಹೂವು ಸುಟ್ಟಾವ, ಕಾಳು ಕಟ್ಟಿಲ್ಲ," ಎಂದಳು ಶಿವಗಂಗಾ. ತಾನೂ ಒತ್ತಿ ನೋಡಿದಳು, ಎರಡೂ ತೆನೆಯನ್ನು, ಬುಡದಿಂದ ತುದಿಯವರೆಗೆ. ಆಮೇಲೆ ಕೈ ತೊಳೆದು, ಮಗಳನ್ನು ಬಾಜೂಮನೆಯಲ್ಲಿ ಬಿಟ್ಟು, ಕ್ಲಾಸಿಗೆ ಹೊತ್ತಾಯಿತೆಂದು ಬಸ್ಸಿಗೆ ಹೋದಳು.