ಲಂಡನ್ ನಕ್ಷೆಯ ಮೇಲೆ ಎದ್ದ ಕಾಯಿ

ನೀರು ತೋರಿಸುವವರನ್ನು ನಾನು ಎಂದೂ ನಂಬಿದವಳಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ಭೂವಿಜ್ಞಾನ ಓದಿದವಳು ನಾನು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುವುದು, ಅದು ಎದ್ದು ನಿಂತ ಕಡೆ ಬೋರ್ ಕೊರೆಸುವುದು, ಇದನ್ನೆಲ್ಲ ನೋಡಿ ನಗುತ್ತಿದ್ದೆ. ನೀರು ಬಿದ್ದರೆ ಕಾಯಿಯ ಮಹಿಮೆ, ಬೀಳದಿದ್ದರೆ ಕೊರೆಸಿದವನ ಹಣೆಬರಹ. ಹೀಗಾದರೆ ಯಾರು ತಾನೇ ಸೋಲುತ್ತಾರೆ? ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ.

ನನ್ನ ಕೆಲಸ ಹೆಬ್ಬಾಳದ ಒಂದು ಆಫೀಸಿನಲ್ಲಿ. ಲಂಡನ್ನಿನಲ್ಲಿ ಮನೆ ಕೊಳ್ಳುವವರಿಗೆ ಆ ಮನೆಯ ಕೆಳಗಿನ ನೆಲ ಎಂಥದ್ದು ಎಂದು ಇಲ್ಲಿ ಕೂತು ರಿಪೋರ್ಟ್ ಬರೆಯುವುದು. ಆ ಊರಿಗೆ ನಾನು ಕಾಲಿಟ್ಟವಳಲ್ಲ. ಆದರೂ ಅದರ ಹೊಟ್ಟೆಯೊಳಗೆ ಏನಿದೆ ಕೇಳಿ, ಹೇಳುತ್ತೇನೆ. ಉತ್ತರಕ್ಕೆ ಹ್ಯಾಂಪ್‌ಸ್ಟೆಡ್ ದಿಬ್ಬದ ನೆತ್ತಿಯಲ್ಲಿ ಮರಳು, ಅದರ ಕೆಳಗೆ ಜೇಡಿಮಣ್ಣು, ಎರಡೂ ಕೂಡುವಲ್ಲಿ ಒರತೆ. ಥೇಮ್ಸ್ ನದಿಯ ಆಸುಪಾಸಿನಲ್ಲಿ ಅದು ಹಿಂದೆಂದೋ ಬಿಟ್ಟುಹೋದ ಬೆಣಚುಕಲ್ಲು, ದಕ್ಷಿಣದ ಅಂಚಿನಲ್ಲಿ ಬಿಳಿ ಸುಣ್ಣಕಲ್ಲು. ಊರಿನ ಬಹುಭಾಗದ ಅಡಿಯಲ್ಲಿರುವುದು ಮಾತ್ರ ಅದೇ ಜೇಡಿ. ಬೇಸಿಗೆಗೆ ಕುಗ್ಗಿ, ಮಳೆಗೆ ಉಬ್ಬಿ, ಗೋಡೆ ಸೀಳುತ್ತದೆ. ನಾವು ಕೆರೆ ಮುಚ್ಚಿ ಲೇಔಟ್ ಮಾಡಿದಂತೆ ಅವರೂ ಎಷ್ಟೋ ಹೊಳೆಗಳನ್ನು ಇಟ್ಟಿಗೆಯ ಮೋರಿಗೆ ಇಳಿಸಿ ಮೇಲೆ ಬೀದಿ ಕಟ್ಟಿದ್ದಾರೆ. ಪೆಕಮ್, ಬ್ರಿಕ್ಸ್‌ಟನ್ ಕಡೆಯ ಮನೆ ಎಂದರೆ ನಾವು ಮೊದಲು ಹಳೆಯ ಹೊಳೆ ಹುಡುಕಬೇಕು.

ಈ ರಿಪೋರ್ಟಿನಲ್ಲಿ ಬರೆದವರ ಹೆಸರು ಇರುವುದಿಲ್ಲ. ಪರಿಶೀಲಿಸಿದವರ ಹೆಸರು ಮಾತ್ರ ಇರುತ್ತದೆ. ನನ್ನವನ್ನು ಪರಿಶೀಲಿಸುತ್ತಿದ್ದವಳು ಆರ್.ಟಿ. ನಗರದ ಶಕುಂತಲಾ, ನನ್ನ ಗೆಳತಿ. ಗಂಡ ತೀರಿಕೊಂಡ ಮೇಲೆ ಅವಳಿಗೂ ಮಗಳಿಗೂ ಆ ಕೆಲಸವೇ ಆಧಾರವಾಗಿತ್ತು. ನಾನು ಕಳಿಸಿದ್ದನ್ನು ಅವಳು ಎರಡನೇ ಸಲ ನೋಡುತ್ತಿರಲಿಲ್ಲ. "ನೀನ್ ಬರೆದ್ಮೇಲೆ ನಾನೇನ್ ನೋಡೋದು ಕಣೇ" ಎನ್ನುತ್ತಿದ್ದಳು.

ಲಾಕ್‌ಡೌನ್ ಮುಗಿದರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನಗಳವು. ಅಟ್ಟೂರಿನಲ್ಲಿ ಮೇಲಿನ ಮಹಡಿಯಲ್ಲಿ ನಾನು, ಕೆಳಗೆ ಮನೆಯ ಮಾಲೀಕರು ನಂಜುಂಡಪ್ಪ. ಹೊಲವೆಲ್ಲ ಸೈಟುಗಳಾಗಿ ಹೋದರೂ ಕಾಯಿ ಹಿಡಿದು ನೀರು ತೋರಿಸುವುದನ್ನು ಅವರು ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಲಂಡನ್ನಿನ ದಕ್ಷಿಣ ಭಾಗದ ಒಂದು ಬಡಾವಣೆಯ ನಕ್ಷೆಯನ್ನು ಹಾಳೆ ಹಾಳೆಯಾಗಿ ಪ್ರಿಂಟ್ ತೆಗೆದು, ಅಂಟಿಸಿ, ಹಾಲ್ ತುಂಬ ಹರಡಿಕೊಂಡು ಕೂತಿದ್ದೆ. ನೀರಿನ ಮೋಟಾರು ನೋಡಲೆಂದು ಅವರು ಮೇಲೆ ಬಂದರು. ಕೈಯಲ್ಲಿ ಕಾಯಿ ಇತ್ತು. ಪಕ್ಕದ ಸೈಟಿಗೆ ನೀರು ತೋರಿಸಲು ಹೊರಟಿದ್ದರು.

"ಇದೇನವ್ವಾ ಇಂಗೆ ನೆಲದ ತುಂಬಾ ಆಸ್ಕೊಂಡಿದ್ದೀಯ?"

"ಲಂಡನ್ ರೀ ಯಜಮಾನ್ರ. ಇಲ್ಲೇನರ ನೀರೈತೇನು, ನಿಮ್ಮ ಕಾಯಿ ಹೇಳ್ತದೇನ್ರೀ?"

ಕೀಟಲೆಗೆ ಅಂದದ್ದು. ಅವರು ನಗಲಿಲ್ಲ. ಚಪ್ಪಲಿಯನ್ನು ಹೊಸಿಲಾಚೆ ಬಿಟ್ಟು, ಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಕಾಗದದ ಮೇಲೆ ಕಾಲಿಟ್ಟರು. ಮೂಲೆಯ ಪಾರ್ಕಿನಲ್ಲಿ ನೀಲಿ ಬಣ್ಣದ ಒಂದು ಕೊಳವಿತ್ತು. ಅದನ್ನು ದಾಟಿದಾಗ ಕಾಯಿ ಅಲುಗಲಿಲ್ಲ. ನಾನು ನಕ್ಕೆ. "ಅದು ಬರೀ ಬಣ್ಣ ಕಣವ್ವಾ" ಎಂದು ಅವರು ಮುಂದೆ ನಡೆದರು. ಸಾಲುಮನೆಗಳ ಹತ್ತಿರ ಬಂದಾಗ ಕಾಯಿ ಎದ್ದು ನಿಂತಿತು. ಜುಟ್ಟು ಮೇಲೆ ಮಾಡಿ, ನೆಟ್ಟಗೆ. ಅವರ ಬೆರಳುಗಳು ಬಿಡಿಸಿದಂತೆಯೇ ಇದ್ದವು. ನಾನು ಮೊಣಕಾಲೂರಿ ಹತ್ತಿರದಿಂದ ನೋಡಿದೆ. ಎರಡು ಹೆಜ್ಜೆ ಆಚೆ ಹೋದಾಗ ಮಲಗಿತು, ಮತ್ತೆ ಬೇರೆ ಕಡೆ ಎದ್ದಿತು. ಹೀಗೆ ನಾಲ್ಕು ಸಲ. ಪ್ರತಿ ಸಲವೂ ನಾನು ಪೆನ್ಸಿಲಿನಿಂದ ಗುರುತು ಮಾಡಿದೆ.

ಅವರು ಹೋದ ಮೇಲೆ ನಾಲ್ಕೂ ಗುರುತು ಸೇರಿಸಿದೆ. ಗೆರೆ ಸರಿಯಾಗಿ ನಾನು ರಿಪೋರ್ಟ್ ಬರೆಯುತ್ತಿದ್ದ ಮನೆಯ ಹಿಂಬದಿಯಿಂದ ಹಾದುಹೋಯಿತು. ಆ ಮನೆಗೆ "ಹಳೆಯ ಜಲಮಾರ್ಗ ಕಂಡುಬಂದಿಲ್ಲ" ಎಂದು ಬೆಳಗ್ಗೆಯೇ ಬರೆದು ಮುಗಿಸಿದ್ದೆ. ನಮ್ಮಲ್ಲಿದ್ದ ನಕ್ಷೆಗಳಲ್ಲಿ ಏನೂ ಇರಲಿಲ್ಲ. ಅವಕ್ಕಿಂತ ಹಳೆಯ ನಕ್ಷೆಯ ಹಾಳೆಯೊಂದು ಲಂಡನ್ನಿನಲ್ಲಿ ಇದೆಯೆಂದು ಗೊತ್ತಿತ್ತು. ತರಿಸಲು ಎರಡು ದಿನ ಬೇಕಿತ್ತು, ರಿಪೋರ್ಟ್ ಅಂದೇ ಹೋಗಬೇಕಿತ್ತು. ತಡ ಯಾಕೆ ಎಂದು ಮ್ಯಾನೇಜರ್ ಕೇಳಿದರೆ ತೆಂಗಿನಕಾಯಿ ಎದ್ದಿತು ಎನ್ನಲೇ? ನನ್ನ ಮೇಲೆ ನನಗೇ ಸಿಟ್ಟು ಬಂತು. ಗುರುತುಗಳನ್ನು ಅಳಿಸಿದೆ, ರಿಪೋರ್ಟನ್ನು ಶಕುಂತಲಾಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಅವಳ ಸಹಿ ಬಿತ್ತು.

ಏಳೆಂಟು ತಿಂಗಳ ಮೇಲೆ, ಮತ್ತೆ ಆಫೀಸಿಗೆ ಹೋಗತೊಡಗಿದ್ದಾಗ, ದೂರು ಬಂತು. ಆ ಮನೆಯ ಹಿಂಗೋಡೆ ಕುಸಿದಿತ್ತು. ಅಗೆದು ನೋಡಿದರೆ ಒಡೆದ ಇಟ್ಟಿಗೆಯ ಮೋರಿ, ಒಳಗೆ ಹರಿಯುವ ನೀರು. ದೂರಿನ ಜೊತೆ ಅದೇ ಹಳೆಯ ಹಾಳೆಯ ಪ್ರತಿಯನ್ನೂ ಲಗತ್ತಿಸಿದ್ದರು. ಮನೆಗೆ ಬಂದು ನನ್ನ ನಕ್ಷೆ ಬಿಚ್ಚಿದೆ. ಪೆನ್ಸಿಲ್ ಅಳಿಸಿದರೂ ಒತ್ತಿದ ಗುರುತು ಉಳಿದಿತ್ತು. ಹಳೆಯ ಹೊಳೆ ನಾಲ್ಕರ ಮೇಲೂ ಹಾದುಹೋಗಿತ್ತು.

ರಿಪೋರ್ಟಿನಲ್ಲಿದ್ದದ್ದು ಶಕುಂತಲಾಳ ಹೆಸರು. ಅವಳನ್ನು ಕೆಲಸದಿಂದ ತೆಗೆದರು. ವಿಚಾರಣೆಯಲ್ಲಿ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಹೇಡಿತನಕ್ಕೆ ಬೇರೆ ಹೆಸರು ಯಾಕೆ ಕೊಡಲಿ?

ಕಾಯಿಗೆ ಹೇಗೆ ತಿಳಿಯಿತು ಎಂದು ನಂಜುಂಡಪ್ಪನವರನ್ನು ಕೇಳಿದೆ. "ನಾನೇನ್ ಓದಿದ್ದೀನಾ ಕಣವ್ವಾ? ಎದ್ರೆ ಏಳ್ತದೆ, ಇಲ್ಲಾಂದ್ರೆ ಇಲ್ಲ" ಎಂದರು. ಬೀದಿಗಳ ತಿರುವು ನೋಡಿ ಊಹಿಸಿರಬಹುದೇ ಎಂದುಕೊಂಡೆ. ಆದರೆ ಅಲ್ಲಿ ಬೀದಿಗಳೆಲ್ಲ ನೇರ. ನಮ್ಮ ಹಾಲಿನ ನೆಲ ವಾಲಿದೆಯೇ ಎಂದು ಅಳೆದೂ ನೋಡಿದೆ, ವಾಲಿಲ್ಲ. ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ಅದೇ ದಿನ, ಅದೇ ಕಾಯಿ ಹಿಡಿದು ಅವರು ಪಕ್ಕದ ಸೈಟಿನಲ್ಲಿ ತೋರಿಸಿದ ಜಾಗದಲ್ಲಿ ಸಾವಿರ ಅಡಿ ಕೊರೆದರೂ ಬರೀ ದೂಳು ಬಂತು. ಅಟ್ಟೂರಿನ ನೀರು ತಿಳಿಯದ ಕಾಯಿಗೆ ಲಂಡನ್ನಿನ ನೀರು ತಿಳಿಯಿತೇ?

ಹೋದ ವರ್ಷ ಯಲಹಂಕದ ಬಸ್ ಸ್ಟ್ಯಾಂಡಿನಲ್ಲಿ ಶಕುಂತಲಾ ಸಿಕ್ಕಳು. ಈಗ ಟ್ಯೂಷನ್ ಹೇಳಿಕೊಡುತ್ತಾಳಂತೆ. ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ. ಕಾಯಿ, ಪೆನ್ಸಿಲು, ತರಿಸದೆ ಬಿಟ್ಟ ಹಾಳೆ, ಎಲ್ಲವನ್ನೂ. ಬೈಯುತ್ತಾಳೆಂದು ಕಾದೆ. ಅವಳು ಕೇಳಿದ್ದು ಕಾಯಿಯ ವಿಷಯ ಮಾತ್ರ.

"ಆ ಕಾಯಿ ಸುಮ್ನೆ ಎದ್ದಿದ್ದಾ, ನಿಜವಾಗ್ಲೂ ನೀರಿಗೇ ಎದ್ದಿದ್ದಾ?"

"ಗೊತ್ತಿಲ್ಲ ಶಕ್ಕು."

"ಸುಮ್ನೆ ಎದ್ದಿದ್ದು ಅಂತ್ಲೇ ಇಟ್ಕೋ. ಇಲ್ಲಾಂದ್ರೆ ನಿಂಗೆ ಮೊದ್ಲೇ ಗೊತ್ತಿತ್ತು ಅಂತಾಗತ್ತೆ ಕಣೇ."

ಬಸ್ಸು ಬಂತು, ಹತ್ತಿ ಹೋದಳು. ಓದಿದವಳು ನಾನು, ಕಾಕತಾಳೀಯ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಹಾಗೆಂದುಕೊಂಡರೆ ನನಗೆ ಎಷ್ಟು ಅನುಕೂಲ ಎಂಬುದು ಗೊತ್ತಿರುವುದರಿಂದಲೇ ಅದನ್ನು ಹೇಳಲು ನಾಲಿಗೆ ಏಳುವುದಿಲ್ಲ.